ಮೇಲೊಂದು ಕೆಳಗೊಂದು ಕಪ್ಪು ಪಟ್ಟಿ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಪಾಪು,

ಕಾಗದ ನೋಡಿ ಗಾಬರಿಯಾಗಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ನಿಮ್ಮಪ್ಪ ಊಟ ಮುಗಿಸಿ, ಪೇಪರನ್ನು ಮುಖದ ಮೇಲೆ ಹೊದ್ದುಕೊಂಡು ಗೊರಕೆ ಹೊಡೆಯುತ್ತಿದ್ದಾರೆ. ಉಸಿರು ಬಿಟ್ಟಾಗಲೆಲ್ಲ ಪೇಪರು ಏಳುತ್ತದೆ, ಎಳೆದುಕೊಂಡಾಗ ಮೂಗಿಗೆ ಅಂಟುತ್ತದೆ. ನಾನು ಅಡುಗೆಮನೆಯ ಮೇಜಿನ ಹತ್ತಿರ ಕೂತು, ಅಂಗಡಿಯಲ್ಲಿ ಗಾಜಿನ ಅಳತೆ ಗುರುತು ಮಾಡುವ ಪೆನ್ನಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ನಿನಗೆ ನಾನು ಬರೆಯುತ್ತಿರುವ ಮೊದಲನೇ ಕಾಗದ. ಈಗ ಕಾಗದ ಬರೆಯುವವರು ಬ್ಯಾಂಕಿನವರು ಮಾತ್ರ ಅಂತ ನೀನು ನಗಬಹುದು. ನಗು, ಬೇಡ ಅನ್ನುವುದಿಲ್ಲ. ಪೂರ್ತಿ ಓದಿ ಆಮೇಲೆ ನಗು.

ಫೋನಿನಲ್ಲೇ ಹೇಳಬಹುದಿತ್ತು. ಬಾಯಿ ಬಂದರೆ ತಾನೆ? ನಾವಿಬ್ಬರೂ ಫೋನಿನಲ್ಲಿ ಮಾತಾಡುವುದು ನಿನಗೆ ಗೊತ್ತೇ ಇದೆ. ಅಪ್ಪ ಮಗಳು ಹೊಟ್ಟೆತುಂಬ ಹರಟಿದ ಮೇಲೆ ಇವರು ಫೋನನ್ನು ತಂದು ನನ್ನ ಕಿವಿಗೆ ಒತ್ತುತ್ತಾರೆ. ಚೆನ್ನಾಗಿದ್ದೀರಾ ಚಿಕ್ಕಮ್ಮ ಅಂತೀಯ. ಚೆನ್ನಾಗಿದ್ದೀನಿ, ನೀನು ಚೆನ್ನಾಗಿದ್ದೀಯಾ ಅಂತೀನಿ. ಅಲ್ಲಿ ಚಳಿನಾ, ಇಲ್ಲೂ ಚಳಿ. ಆಮೇಲೆ ಇಬ್ಬರೂ ಯಾರು ಮೊದಲು ಇಡಬೇಕು ಅಂತ ಕಾಯುತ್ತೇವೆ. ಈಚೆಗೆ ಅದೂ ಇಲ್ಲ. ಚಿಕ್ಕಮ್ಮನ್ನ ಕೇಳಿದೆ ಅಂತ ಹೇಳಪ್ಪ ಅಂತ ಅವರ ಹತ್ತಿರವೇ ಹೇಳಿ ಇಟ್ಟುಬಿಡುತ್ತೀಯ. ಮನೆಗೆ ಫೋಟೋ ಬರುವುದೂ ನಿಂತಿದೆ. ಯಾಕೆ ಅಂತ ನನಗೆ ಈ ವಾರ ಗೊತ್ತಾಯಿತು.

ಎಲ್ಲದಕ್ಕೂ ಮೂಲ ಆ ಕರೆಂಟಿನ ಕಟ್ಟು. ನೀವೆಲ್ಲ ಅದನ್ನು ಡಿಜಿಟಲ್ ಫ್ರೇಮ್ ಅನ್ನುತ್ತೀರಿ. ಫ್ರೇಮ್ ಅಂದರೆ ಮರ, ಗಾಜು, ಮೊಳೆ, ಹಿಂದೊಂದು ರಟ್ಟು. ಪ್ಲಗ್ಗು ಕಿತ್ತರೆ ಸತ್ತುಹೋಗುವುದನ್ನು ಫ್ರೇಮ್ ಅನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಮದುವೆಯಾಗಿ, ಬಸ್ಸಿನಲ್ಲಿ ಒಂದು ರಾತ್ರಿ ದೂರದ ಆ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ನೀನು ಹೊರಟ ಮೇಲೆ ಈ ಮನೆ ಎಷ್ಟು ದೊಡ್ಡದಾಗಿಬಿಟ್ಟಿತು ಅಂದರೆ, ನಾವಿಬ್ಬರೂ ಬೇಕಂತಲೇ ಒಂದೇ ಕೋಣೆಯಲ್ಲಿ ಸುಳಿದಾಡುತ್ತಿದ್ದೆವು. ನೀನು ಕಳಿಸುತ್ತಿದ್ದ ಫೋಟೋ ನೋಡುವುದೇ ಒಂದು ಸರ್ಕಸ್ಸು. ಇವರದು ಗುಂಡಿ ಒತ್ತುವ ಫೋನು, ಹೆಬ್ಬೆರಳಿನಷ್ಟು ಪರದೆ. ನನ್ನದರ ಗಾಜು ಅಂಗಡಿಯ ಕಲ್ಲಿನ ಮೇಲೆ ಬಿದ್ದು ಚೂರಾಗಿ, ಮಾತಾಡುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಬಾರದು. ಊರಿನವರ ಗಾಜೆಲ್ಲ ಬದಲಾಯಿಸುವವಳು ತನ್ನದು ಬದಲಾಯಿಸಲಿಲ್ಲ ಅಂತ ನೀನೇ ಚುಡಾಯಿಸಿದ್ದೆ. ಆಗಲೇ ನೀನು, ಒಂದು ಫ್ರೇಮ್ ಕಳಿಸ್ತೀನಪ್ಪ, ಇಲ್ಲಿಂದಲೇ ಫೋಟೋ ಹಾಕ್ತೀನಿ, ಅಲ್ಲಿ ದೊಡ್ಡದಾಗಿ ಕಾಣುತ್ತೆ ಅಂದದ್ದು. ನಾನು ಫೋನು ಕಿತ್ತುಕೊಂಡು ಬೇಡ ಅಂದೆ. ಇಡೀ ಪೇಟೆಯ ಫೋಟೋಗಳಿಗೆ ಕಟ್ಟು ಹಾಕಿಕೊಡುವವಳ ಮನೆಗೆ ಕಟ್ಟು ಹೊರಗಿನಿಂದ ಬರುವುದೇ? ನಾನೇ ನೋಡಿ ತರುತ್ತೇನೆ ಅಂತ ಹಟ ಹಿಡಿದೆ.

ಅದನ್ನು ಕೊಳ್ಳಲು ಹೋದ ಅಂಗಡಿಯಲ್ಲಿ ನಾನು ಮಾಡಿದ ರಂಪವನ್ನು ನಿಮ್ಮಪ್ಪ ನಿನಗೆ ಬಣ್ಣ ಕಟ್ಟಿ ಹೇಳಿರಬೇಕು. ಕೊರಳಿಗೆ ಬಿಲ್ಲೆ ನೇತುಹಾಕಿಕೊಂಡಿದ್ದ ಮಾರಾಟದವನು ಸಾಲಾಗಿ ಜೋಡಿಸಿಟ್ಟ. ಒಂದಕ್ಕೆ ಮರದ ಚೌಕಟ್ಟು ಅಂದ. ಉಗುರಿನಲ್ಲಿ ಕೆರೆದೆ, ಮರದ ಚಿತ್ರ ಅಂಟಿಸಿದ್ದ ಪ್ಲಾಸ್ಟಿಕ್ಕು ಎದ್ದುಬಂತು. ಇನ್ನೊಂದರ ಮೂಲೆಗಳು ಕೂಡಿಯೇ ಇರಲಿಲ್ಲ, ನಡುವೆ ಒಂದು ಇರುವೆ ಸಂಸಾರ ಹೂಡಬಹುದಿತ್ತು. ಮೂರನೆಯದರಲ್ಲಿ ಫೋಟೋಗಿಂತ ಚೆನ್ನಾಗಿ ಆ ಅಂಗಡಿಯ ಟ್ಯೂಬ್‌ಲೈಟೇ ಕಾಣುತ್ತಿತ್ತು. ನಿಮ್ಮಪ್ಪ ನನ್ನ ಹಿಂದೆ ನಿಂತು, ಸಾಕು ಬಾರೇ, ಅವರೇನು ನಿನ್ನ ಕೆಲಸದವರಾ ಅಂತ ಮೆಲ್ಲಗೆ ಗೊಣಗುತ್ತಿದ್ದರು.

ಹೊಳಪಿಲ್ಲದ ಪರದೆಯೇ ಬೇಕು ಅಂತ ನಾನು ಪಟ್ಟುಹಿಡಿದದ್ದು ಯಾಕೆ ಅಂತ ಅವರಿಗೆ ಹೇಳಲಿಲ್ಲ. ನಿನಗೆ ಹೇಳುತ್ತೇನೆ. ನೀನು ಮೊದಲ ಸಲ ನನ್ನ ಅಂಗಡಿಗೆ ಬಂದಾಗ ಸ್ಕೂಲಿನ ಬಟ್ಟೆಯಲ್ಲಿದ್ದೆ. ನಿಮ್ಮಪ್ಪ ನಿಮ್ಮಮ್ಮನ ಫೋಟೋ ತಂದಿದ್ದರು. ಅವರು ತೀರಿಹೋಗಿ ಹೆಚ್ಚು ದಿನ ಆಗಿರಲಿಲ್ಲ. ನಾನು ಚೆನ್ನಾಗಿರುವ ಗಾಜು ಹಾಕಿ, ಕಟ್ಟಿ ಕೊಟ್ಟೆ. ಮಾರನೇ ವಾರ ನೀನೊಬ್ಬಳೇ ಅದನ್ನು ಎದೆಗವಚಿಕೊಂಡು ವಾಪಸು ಬಂದೆ. ಇದರಲ್ಲಿ ನನ್ನ ಮುಖವೇ ಕಾಣುತ್ತೆ, ಅಮ್ಮ ಕಾಣಲ್ಲ ಅಂದೆ. ಆವತ್ತು ನಾನು ಬೇರೆಲ್ಲ ಕೆಲಸ ಪಕ್ಕಕ್ಕೆ ತಳ್ಳಿ, ಹೊಳಪು ತೆಗೆದ ಗಾಜು ಕತ್ತರಿಸಿ ಹಾಕಿದೆ. ನೀನು ಅಲ್ಲೇ ನಿಂತು, ಎಡಕ್ಕೆ ಬಲಕ್ಕೆ ವಾಲಿ ಪರೀಕ್ಷೆ ಮಾಡಿ, ಸರಿ ಅಂದೆ. ಥ್ಯಾಂಕ್ಸ್ ಅಂತ ಹೇಳಲಿಲ್ಲ. ನಿಮ್ಮಪ್ಪ ನನ್ನನ್ನು ಮದುವೆಯಾದದ್ದು ಅದಾಗಿ ಎಷ್ಟೋ ಕಾಲದ ಮೇಲೆ. ನಾನು ನಿನ್ನನ್ನು ಮೆಚ್ಚಿದ್ದು ಆವತ್ತೇ.

ಇರಲಿ. ಕಡೆಗೆ ಒಂದು ಒಪ್ಪಿಗೆಯಾಯಿತು. ಮಂಕು ಪರದೆ, ಸಾದಾ ಕಪ್ಪು ಚೌಕಟ್ಟು, ಉದ್ದಗಲ ಹಳೇ ಫೋಟೋಗಳ ಲೆಕ್ಕದ್ದು, ಈಗಿನವುಗಳ ಹಾಗೆ ಹಲಗೆಯಂತೆ ಉದ್ದುದ್ದ ಅಲ್ಲ. ಮಾರಾಟದವನು ತನ್ನ ಫೋನಿನಿಂದ ಒಂದು ಫೋಟೋ ಹಾಕಿ ತೋರಿಸಿದ. ಫೋನಿನ ಫೋಟೋ ಅಗಲ, ಈ ಪರದೆ ಅಷ್ಟು ಅಗಲ ಇಲ್ಲ. ಹಾಗಾಗಿ ಚಿತ್ರ ನಡುವೆ ಕೂತು, ಮೇಲೊಂದು ಕೆಳಗೊಂದು ಕಪ್ಪು ಪಟ್ಟಿ ಬಂತು. ನನಗೆ ಮೈಯೆಲ್ಲ ಉರಿಯಿತು. ಕಟ್ಟು ಹಾಕುವವರಿಗೆ ಅಂಚು ಅಂದರೆ ಪ್ರಾಣ. ನಾಲ್ಕೂ ಕಡೆ ಸಮ ಇರಬೇಕು, ಕೆಳಗೆ ಕೂದಲೆಳೆಯಷ್ಟು ಹೆಚ್ಚು. ಹೀಗೆ ಎರಡು ಕಡೆ ಅಂಚು ಬಿಟ್ಟು, ಎರಡು ಕಡೆ ಬಿಡದಿದ್ದರೆ ನನ್ನ ಅಂಗಡಿಗೆ ಕಲಿಯಲು ಬಂದವರಿಗೂ ನಾನು ಬೈಯುತ್ತೇನೆ. ಇದನ್ನು ತೆಗೆದುಹಾಕಿ, ಚಿತ್ರ ಪೂರ್ತಿ ತುಂಬಿಕೊಳ್ಳಬೇಕು ಅಂದೆ. ಅವನು ಏನೋ ಹೇಳಿದ. ನಾನು ಕಿವಿಗೆ ಹಾಕಿಕೊಳ್ಳದೆ ಕೈ ಅಡ್ಡ ಹಿಡಿದೆ. ಅವನು ಎಲ್ಲೋ ಒತ್ತಿದ, ಪಟ್ಟಿ ಹೋಯಿತು, ಚಿತ್ರ ಅಂಚಿನಿಂದ ಅಂಚಿಗೆ ತುಂಬಿಕೊಂಡಿತು. ಈಗ ಸರಿಯಾಯಿತು ನೋಡಿ ಅಂತ ಬೀಗಿಕೊಂಡು ತಂದೆ.

ಬಾಗಿಲು ತೆರೆದರೆ ಎದುರಿಗೆ ಕಾಣುವ ಕಪಾಟಿನ ಮೇಲೆ ಇಟ್ಟೆವು. ಯಾರಾದರೂ ಮುಂದೆ ಸುಳಿದರೆ ತಾನೇ ಬೆಳಗುತ್ತದೆ, ಇಲ್ಲದಿದ್ದರೆ ನಿದ್ದೆ. ನಾನು ಸಂಜೆ ಅಂಗಡಿ ಮುಚ್ಚಿ ಬಂದು ಚಪ್ಪಲಿ ಬಿಡುವ ಹೊತ್ತಿಗೆ ನೀನು ಎದ್ದು ಕೂರುತ್ತಿದ್ದೆ. ಆಸ್ಪತ್ರೆಯ ಉದ್ದನೆ ಓಣಿಯಲ್ಲಿ ಒಬ್ಬ ಅಜ್ಜನಿಗೆ ಕಂಬಿ ಹಿಡಿಸಿ ನಡಿಗೆ ಕಲಿಸುತ್ತಿರುವ ನೀನು. ಸೋಫಾದಲ್ಲಿ ಬಾಯಿ ಬಿಟ್ಟು ಮಲಗಿದ ಅಳಿಯಂದಿರು, ಅವರ ಹೊಟ್ಟೆಯ ಮೇಲೆ ನೀನಿಟ್ಟ ಚಹಾದ ಲೋಟ. ಬಾಲ್ಕನಿಯಲ್ಲಿ ಯಾವುದೋ ಗಿಡ, ಅದರ ಹಿಂದೆ ಯಾವುದೋ ಬೀದಿ. ನಾನು ಆ ಬೀದಿಯಲ್ಲಿ ನಿನ್ನ ಜೊತೆ ತರಕಾರಿ ತರಲು ನಡೆದುಹೋದ ಹಾಗೆ ಎಷ್ಟು ಸಲ ಅಂದುಕೊಂಡಿದ್ದೇನೋ. ಬಂದೆ ಕಣೇ ಅಂತ ಜೋರಾಗಿಯೇ ಹೇಳುತ್ತಿದ್ದೆ. ನಿಮ್ಮಪ್ಪ ಮನೆಯಲ್ಲಿದ್ದರೆ ತಮಗೆ ಹೇಳಿದೆ ಅಂದುಕೊಂಡು ಹೂಂ ಅನ್ನುತ್ತಿದ್ದರು. ಅನ್ನಲಿ ಅಂತ ಬಿಟ್ಟುಬಿಡುತ್ತಿದ್ದೆ.

ಪರದೆಯ ಮೇಲೆ ಹೃದಯದ ಗುರುತು ಒತ್ತಿದರೆ ನಿನಗೆ ತಲುಪುತ್ತದಂತಲ್ಲ. ಅಪ್ಪ ದಿನಾ ಒತ್ತುತ್ತಾರೆ ಅಂತ ನೀನು ಖುಷಿಪಡುತ್ತಿದ್ದೆ. ಅವರು ಲಿಫ್ಟು ರಿಪೇರಿಯವರು, ಬೇಕಾದ್ದಕ್ಕಿಂತ ಒಂದು ಗುಂಡಿ ಹೆಚ್ಚು ಒತ್ತುವ ಮನುಷ್ಯರೇ ಅಲ್ಲ. ಒತ್ತುತ್ತಿದ್ದವಳು ನಾನು. ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ.

ಆಮೇಲೆ ನೀನು ಹಳೇ ಫೋಟೋಗಳನ್ನು ಕಳಿಸಲು ಶುರುಮಾಡಿದೆ. ಅಲ್ಲಿಂದ ನನ್ನ ತಲೆ ಕೆಟ್ಟಿತು.

ಮೊದಲು ನಿನ್ನ ಪದವಿಯ ದಿನದ್ದು ಬಂತು. ಮೆಟ್ಟಿಲ ಮೇಲೆ ನೀನು, ನಿನ್ನ ಕೆನ್ನೆಗೆ ಕೆನ್ನೆ ಒತ್ತಿದ ನಿಮ್ಮಪ್ಪ. ಬಲಗಡೆ ಅಂಚಿನಲ್ಲಿ ಒಂದು ಹಸಿರು ತೋಳು. ತೋಳು ಮಾತ್ರ. ಅದು ನನ್ನ ತೋಳು ಪಾಪು. ಆ ಬಟ್ಟೆ ಆವತ್ತಿಗೆ ಅಂತಲೇ ಹೊಲಿಸಿದ್ದು. ಆಮೇಲೆ ಸಮುದ್ರದ ದಂಡೆಯದು ಬಂತು, ಅದರಲ್ಲಿ ನಾನು ಹಿಡಿದಿದ್ದ ಕೊಡೆಯ ತುದಿ ಇತ್ತು, ನಾನಿರಲಿಲ್ಲ. ನಿನ್ನ ಮದುವೆಯದು ಬಂತು, ನನ್ನ ಭುಜ ಇತ್ತು. ಒಂದಾದರೆ ಏನೋ ಅನ್ನಬಹುದು. ಸಾಲಾಗಿ ಬಂದವು.

ಬೇರೆ ಯಾರಿಗಾದರೂ ಇದು ಹೊಳೆಯುತ್ತಿತ್ತೋ ಇಲ್ಲವೋ. ನನಗೆ ಮಾತ್ರ ನೋಡಿದ ಕೂಡಲೇ ಇದು ಕತ್ತರಿಸಿದ್ದು ಅಂತ ಖಾತ್ರಿಯಾಯಿತು. ಯಾಕೆಂದರೆ ಅದು ನಾನು ದಿನಾ ಮಾಡುವ ಕೆಲಸ. ನಿನಗೆ ಗೊತ್ತಿಲ್ಲದ್ದು ಏನಿದೆ, ಅಂಗಡಿಗೆ ಬರುವವರಲ್ಲಿ ಎಷ್ಟೋ ಮಂದಿ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, ಇವರೊಬ್ಬರು ಬೇಡ, ತೆಗೆದು ಕಟ್ಟು ಹಾಕಿಕೊಡಿ ಅನ್ನುತ್ತಾರೆ. ಜಗಳವಾದ ಮೈದುನ, ಬಿಟ್ಟುಹೋದ ಗಂಡ, ಮಾತು ಬಿಟ್ಟ ಗೆಳತಿ. ನಾನು ಕಾರಣ ಕೇಳುವುದಿಲ್ಲ. ಅಲಗು ಇಟ್ಟು ಎಳೆಯುತ್ತೇನೆ. ಎಷ್ಟೇ ನಾಜೂಕಾಗಿ ಕತ್ತರಿಸಿದರೂ ಒಂದು ತೋಳೋ ಬೆರಳೋ ಉಳಿದುಕೊಳ್ಳುತ್ತದೆ, ಯಾಕೆಂದರೆ ಬೇಕಾದವರ ಹೆಗಲ ಮೇಲೆ ಅವರು ಕೈ ಹಾಕಿರುತ್ತಾರೆ. ಹಾಗೆ ತೆಗೆದ ತುಂಡನ್ನು ಮಾತ್ರ ನಾನು ಎಸೆಯುವುದಿಲ್ಲ. ಲಕೋಟೆಗೆ ಹಾಕಿ ಇಡುತ್ತೇನೆ. ಎಷ್ಟೋ ದಿನ ಕಳೆದು ಬಂದು, ಆ ಚೂರು ಇದೆಯಾ ಅಂತ ಕೇಳುವವರಿದ್ದಾರೆ. ಕೇಳುವಾಗ ಅವರ ಮುಖ ನೋಡಲಾಗುವುದಿಲ್ಲ.

ಹಾಗಾಗಿ ನಾನು ಅಂದುಕೊಂಡದ್ದು ಇದು. ಪಾಪು ದೊಡ್ಡವಳಾಗಿದ್ದಾಳೆ, ತನ್ನ ಮನೆ ಮಾಡಿಕೊಂಡಿದ್ದಾಳೆ, ಅಪ್ಪನಿಗೆ ಫೋಟೋ ಕಳಿಸುವಾಗ ನನ್ನನ್ನು ತೆಗೆದು ಕಳಿಸುತ್ತಾಳೆ. ನಿಮ್ಮಪ್ಪನಿಗೆ ಹೇಳಲಿಲ್ಲ. ಹೇಳಿದರೆ ಅವರು ನಿನ್ನನ್ನು ಕೇಳುತ್ತಿದ್ದರು, ನೀನು ಬೇಜಾರು ಮಾಡಿಕೊಳ್ಳುತ್ತಿದ್ದೆ. ನಿನ್ನನ್ನು ಕೇಳಲು ಬಿಂಕ ಬಿಡಲಿಲ್ಲ. ಮಕ್ಕಳು ತಮಗೆ ಬೇಕಾದ ಫೋಟೋ ಇಟ್ಟುಕೊಳ್ಳಲಿ, ನನಗೇನು ಅಂತ ಬಾಯಿಗೆ ಬೀಗ ಹಾಕಿಕೊಂಡೆ. ಹೃದಯ ಒತ್ತುವುದನ್ನು ಬಿಟ್ಟೆ. ಸಂಜೆ ಬಂದಾಗ ಕಪಾಟಿನ ಕಡೆ ನೋಡದೆ ಗೋಡೆ ಸವರಿಕೊಂಡು ಅಡುಗೆಮನೆಗೆ ಹೋಗುತ್ತಿದ್ದೆ. ಆದರೂ ಅದು ನನ್ನನ್ನು ಕಂಡು ಬೆಳಗುತ್ತಿತ್ತು. ಅಡುಗೆಮನೆಯಿಂದ ಕದ್ದು ನೋಡುತ್ತಿದ್ದೆ. ಸಿಟ್ಟಿದ್ದರೂ ನಿನ್ನ ಮುಖ ನೋಡದೆ ನಿದ್ದೆ ಬರುತ್ತಿರಲಿಲ್ಲ, ಏನು ಮಾಡಲಿ.

ಇದರ ನಡುವೆ ಒಂದು ತಮಾಷೆಯೂ ಆಯಿತು. ದಪ್ಪ ಮೀಸೆಯ ಒಬ್ಬ ಗಂಡಸಿನ ಫೋಟೋ ಆಗಾಗ ಬರುತ್ತಿತ್ತು. ಪರದೆ ತುಂಬ ಮೀಸೆ. ಯಾರು ಇವನು ಅಂತ ನಾವಿಬ್ಬರೂ ತಲೆ ಕೆರೆದುಕೊಂಡೆವು. ಆಸ್ಪತ್ರೆಯ ದೊಡ್ಡ ಡಾಕ್ಟರಿರಬೇಕು ಅಂದರು ನಿಮ್ಮಪ್ಪ. ಅಳಿಯಂದಿರ ಕಡೆಯವರಿರಬೇಕು, ಕೇಳಿದರೆ ತಪ್ಪು ತಿಳಿದುಕೊಂಡಾರು ಅಂದೆ ನಾನು. ಒಂದು ದಿನ ನೋಡುತ್ತೇನೆ, ನಿಮ್ಮಪ್ಪ ಆ ಮೀಸೆಗೆ ಮರ್ಯಾದೆಯಿಂದ ತಲೆ ಆಡಿಸಿ ಕೆಲಸಕ್ಕೆ ಹೋಗುತ್ತಿದ್ದಾರೆ.

ಈಗ ಆ ಕೋಣೆಯ ಫೋಟೋ ವಿಷಯ. ಇದನ್ನು ಬರೆಯಲಿಕ್ಕೇ ಇಷ್ಟೆಲ್ಲ ಸುತ್ತಿಕೊಂಡು ಬಂದೆ.

ನಿನಗೆ ದಿನ ತುಂಬುತ್ತಾ ಬಂದಾಗ ಮಗುವಿನ ಕೋಣೆಯ ಫೋಟೋ ಕಳಿಸಿದೆ. ತಿಳಿ ಹಳದಿ ಗೋಡೆ, ಕಿಟಕಿ, ಅದರ ಕೆಳಗೆ ಬಿಳೀ ತೊಟ್ಟಿಲು. ಆವತ್ತು ಸಂಜೆ ಫೋನ್ ಮಾಡಿ, ಅಪ್ಪನ ಹತ್ತಿರ ಮಾತಾಡದೆ ನೇರ ನನ್ನನ್ನು ಕರೆದೆ. ಚಿಕ್ಕಮ್ಮ, ಫೋಟೋ ನೋಡಿದ್ರಾ ಅಂದೆ. ನೋಡಿದೆ, ತೊಟ್ಟಿಲು ಚೆನ್ನಾಗಿದೆ ಅಂದೆ. ನೀನು, ಬೇರೆ ಏನೂ ಅನ್ನಿಸಲಿಲ್ವಾ ಅಂತ ಕೇಳಿದೆ. ಗೋಡೆ ಬಣ್ಣ ಇನ್ನೊಂದು ಚೂರು ತಿಳಿ ಇರಬಹುದಿತ್ತು ಅಂದೆ. ಅಯ್ಯೋ ನನ್ನ ಬಾಯಿಗಿಷ್ಟು! ಆಮೇಲೆ ನೀನು ಸಣ್ಣ ದನಿಯಲ್ಲಿ, ಆ ಹೊತ್ತಿಗೆ ನೀವು ಬಂದು ಇರ್ತೀರಾ ಅಂದೆ.

ಪಾಪು, ಆ ಮಾತು ಕೇಳಲು ನಾನು ಎಷ್ಟು ದಿನದಿಂದ ಕಾದಿದ್ದೆ ಅಂತ ನಿನಗೆ ಗೊತ್ತಿಲ್ಲ. ಆದರೆ ಆ ಕ್ಷಣಕ್ಕೆ ನನ್ನ ಎದುರಿಗೆ ಕಪಾಟಿನ ಮೇಲೆ ಆ ಹಸಿರು ತೋಳು ಬೆಳಗುತ್ತಿತ್ತು. ಒಂದು ಹಟ ಎದ್ದುಬಂತು. ಫೋಟೋದಲ್ಲಿ ಬೇಡವಾದವಳು ಪಾತ್ರೆ ತಿಕ್ಕಲು, ಮಗು ಎತ್ತಿಕೊಳ್ಳಲು ಮಾತ್ರ ಬೇಕಾದಳೇ ಅನ್ನಿಸಿತು. ಅಂಗಡಿ ಬಿಟ್ಟು ಬರೋಕೆ ಆಗಲ್ಲ ಕಣೇ, ಈಗ ಕೆಲಸ ತುಂಬ ಇದೆ ಅಂದೆ. ಕೆಲಸ ಏನೂ ಇರಲಿಲ್ಲ. ಪರವಾಗಿಲ್ಲ ಬಿಡಿ, ಇಲ್ಲೊಬ್ಬರು ನರ್ಸನ್ನ ಗೊತ್ತು ಮಾಡ್ಕೋತೀನಿ ಅಂದೆ ನೀನು. ದನಿ ಗಟ್ಟಿಯಾಗಿಯೇ ಇತ್ತು. ಚಿಕ್ಕವಳಿದ್ದಾಗ ಅಳು ಬಂದರೂ ನಿನ್ನ ದನಿ ಹಾಗೇ ಗಟ್ಟಿಯಾಗುತ್ತಿತ್ತು, ಅದು ಗೊತ್ತಿದ್ದೂ ನಾನು ಫೋನು ಇಟ್ಟೆ. ಅವತ್ತಿನಿಂದ ಮನೆಗೆ ಒಂದು ಫೋಟೋ ಬಂದಿಲ್ಲ.

ಹೋದ ಮಂಗಳವಾರ ಕರೆಂಟು ಹೋಗಿ ಬಂದು, ಕಟ್ಟು ಎಚ್ಚರವಾಗಲೇ ಇಲ್ಲ. ನಿಮ್ಮಪ್ಪ ಅದನ್ನು ಮಗುಚಿ, ಹಿಂದಿದ್ದ ಸಣ್ಣ ತೂತಿಗೆ ಸೂಜಿ ಚುಚ್ಚಿ ಹಿಡಿದರು. ಲಿಫ್ಟಾದರೂ ಇದಾದರೂ ಮೊದಲಿನ ಸ್ಥಿತಿಗೆ ತಂದರೆ ಅರ್ಧ ಕಾಯಿಲೆ ವಾಸಿ ಅಂತ ಪಾಠ ಹೇಳಿದರು. ನೀನು ಕೊಟ್ಟಿದ್ದ ಗುರುತಿನ ಸಂಖ್ಯೆ ಹಾಕಿದ ಮೇಲೆ ಫೋಟೋಗಳೆಲ್ಲ ಒಂದೊಂದಾಗಿ ವಾಪಸು ಬಂದವು. ನಾನು ಅಂಗಡಿಯಿಂದ ಆಗಷ್ಟೇ ಬಂದಿದ್ದೆ. ನೋಡಿದರೆ ಮೇಲೊಂದು ಕೆಳಗೊಂದು ಕಪ್ಪು ಪಟ್ಟಿ! ಏನ್ರೀ ಮಾಡಿಟ್ರಿ, ನಾನು ಅಷ್ಟು ಹೇಳಿ ತೆಗೆಸಿದ್ದೆ ಅಂತ ಬಾಗಿಲಲ್ಲೇ ರೇಗಿದೆ. ಸರಿಮಾಡ್ತೀನಿ ಇರು ಅಂತ ಅವರು ಕೈ ಚಾಚಿದರು. ಅಷ್ಟರಲ್ಲಿ ಪದವಿಯ ದಿನದ ಫೋಟೋ ಬಂತು. ಬಿಡಿ, ಮುಟ್ಟಬೇಡಿ ಅಂತ ಕಿರುಚಿದೆ. ಅವರು ಶಾಕ್ ಹೊಡೆದವರ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡರು.

ಹಸಿರು ತೋಳಿನ ಜೊತೆ ನಾನಿದ್ದೆ. ಇಡೀ ನಾನು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ನಿನ್ನ ಹೂಗುಚ್ಛ ಹಿಡಿದುಕೊಂಡು ನಿಂತಿದ್ದೆ.

ಆಗ ನೆನಪಾಯಿತು, ಆ ಮಾರಾಟದವನು ಏನು ಹೇಳಿದ್ದ ಅಂತ. ಪಟ್ಟಿ ತೆಗೆದರೆ ಬದಿಗಳು ಕಾಣಲ್ಲ ಮೇಡಂ, ದೊಡ್ಡದಾಗಿರೋ ಮುಖ ಹುಡುಕಿ ಅದನ್ನ ನಡುವೆ ಇಡುತ್ತೆ, ಉಳಿದದ್ದು ಹೋಗುತ್ತೆ ಅಂದಿದ್ದ. ಹೋಗಲಿ, ಬದಿಯಲ್ಲಿ ಏನಿರುತ್ತೆ ಅಂದಿದ್ದೆ ನಾನು. ನನ್ನ ಬಾಯಿಂದಲೇ ಅಂದಿದ್ದೆ! ಯಾವ ಕಟ್ಟಾದರೂ ಅಂಚಿನಲ್ಲಿ ಚಿತ್ರವನ್ನು ಚೂರು ನುಂಗುತ್ತದೆ ಅಂತ ಕಲಿಯಲು ಬಂದವರಿಗೆಲ್ಲ ಮೊದಲ ದಿನವೇ ಹೇಳಿಕೊಡುವವಳು ನಾನು. ನೀನು ಯಾರನ್ನೂ ಕತ್ತರಿಸಿರಲಿಲ್ಲ. ನಾನೇ ಹೇಳಿ ಕತ್ತರಿಸಿಕೊಂಡಿದ್ದೆ.

ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತುಬಿಟ್ಟೆ, ಚಪ್ಪಲಿ ಕಾಲಲ್ಲೇ ಇತ್ತು. ಒಂದೊಂದೇ ಫೋಟೋ ಬರತೊಡಗಿತು. ಎಲ್ಲದರಲ್ಲೂ ನಾನಿದ್ದೆ. ನಾನು ಇದ್ದದ್ದು ನನಗೇ ಮರೆತುಹೋಗಿದ್ದ ಕಡೆಯಲ್ಲೂ ಇದ್ದೆ. ಆಮೇಲೆ ಆ ಮೀಸೆಯವನು ಬಂದ. ಪಾಪು, ಅವನು ಡಾಕ್ಟರೂ ಅಲ್ಲ, ನಮ್ಮ ಬೀಗರೂ ಅಲ್ಲ. ನನ್ನ ಅಂಗಡಿಗೆ ಬಂದ ಯಾರೋ ಗಿರಾಕಿ! ಕ್ಯಾಮೆರಾಕ್ಕೆ ಅಡ್ಡ ಬಂದು ನಿಂತಿದ್ದಾನೆ. ಅವನ ಹಿಂದೆ ಎಡಗಡೆ ಮೂಲೆಯಲ್ಲಿ ನಾನು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಗಾಜಿನ ಮೇಲೆ ಬಗ್ಗಿದ್ದೇನೆ. ನಿನಗೆ ಮೊದಲ ಫೋನು ಕೊಡಿಸಿದ ವರ್ಷ, ಕಾಲೇಜು ಬಿಟ್ಟು ಸೀದಾ ಅಂಗಡಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದೆಯಲ್ಲ, ಆಗ ತೆಗೆದದ್ದು. ನೀನು ಅಪ್ಪನಿಗೆ ಕಾಯುತ್ತಿದ್ದೀಯ ಅಂದುಕೊಂಡಿದ್ದೆ ನಾನು. ನನ್ನ ಫೋಟೋ ತೆಗೆಯುತ್ತಿದ್ದೀಯ ಅಂತ ಯಾರಿಗೆ ಗೊತ್ತಿತ್ತು. ನಿಮ್ಮಪ್ಪನಿಗೆ ತೋರಿಸಿದೆ. ಅಯ್ಯೋ, ಇವನಿಗಾ ನಾನು ದಿನಾ ನಮಸ್ಕಾರ ಹೊಡೆದದ್ದು ಅಂತ ನಕ್ಕರು. ನಾನೂ ನಕ್ಕೆ, ನಗುತ್ತ ನಗುತ್ತ ಅಳು ಬಂತು. ಅವರಿಗೆ ಏನೂ ಅರ್ಥವಾಗದೆ ನೀರು ತರಲು ಒಳಗೆ ಹೋದರು.

ಅವರು ನೀರು ತರುವಷ್ಟರಲ್ಲಿ ಕೋಣೆಯ ಫೋಟೋ ಬಂತು.

ತೊಟ್ಟಿಲ ಎಡಕ್ಕೆ, ಗೋಡೆಗೆ ಒತ್ತಿ, ಒಂದು ಒಂಟಿ ಮಂಚ. ಹೊಸ ಹೊದಿಕೆ ಬಿಗಿಯಾಗಿ ಎಳೆದು ಹಾಸಿದೆ. ತಲೆಗೆ ಒಂದರ ಮೇಲೊಂದು ಎರಡು ದಿಂಬು. ಈ ಭೂಮಿಯ ಮೇಲೆ ಕತ್ತು ನೋವು ಅಂತ ಎರಡು ದಿಂಬು ಇಟ್ಟುಕೊಂಡು ಮಲಗುವವಳು ನಾನು, ಅದು ಗೊತ್ತಿರುವವರು ನಿಮ್ಮಪ್ಪ ಮತ್ತು ನೀನು.

ಆ ಮಂಚ ನಾನು ನೋಡಿರಲಿಲ್ಲ ಪಾಪು. ದೇವರಾಣೆ ನೋಡಿರಲಿಲ್ಲ. ಬೇರೆ ಏನೂ ಅನ್ನಿಸಲಿಲ್ವಾ ಅಂತ ನೀನು ಕೇಳಿದಾಗ ನನ್ನ ಕಣ್ಣ ಮುಂದೆ ತೊಟ್ಟಿಲು, ಕಿಟಕಿ, ಗೋಡೆ ಅಷ್ಟೇ ಇತ್ತು. ನಿನ್ನ ಪಾಲಿಗೆ ಏನಾಯಿತು ಅಂತ ಈಗ ಯೋಚಿಸುತ್ತೇನೆ. ನೀನು ನನಗೆ ಹಾಸಿಗೆ ಹಾಸಿ ತೋರಿಸಿದೆ. ನಾನು ಅದನ್ನು ನೋಡಿಯೂ ನೋಡದ ಹಾಗೆ ಮಾಡಿ, ಗೋಡೆ ಬಣ್ಣ ಸರಿಯಿಲ್ಲ ಅಂದೆ, ಆಮೇಲೆ ಬರುವುದಿಲ್ಲ ಅಂದೆ. ಹಾಗಂತ ತಾನೆ ನೀನು ತಿಳಿದಿರುವುದು? ಇನ್ನೇನು ತಿಳಿಯಬೇಕು ನೀನು.

ನಾನು ಯಾಕೆ ಎಲ್ಲ ಫೋಟೋದಲ್ಲೂ ತುದಿಗೆ ನಿಲ್ಲುತ್ತಿದ್ದೆ ಅಂತ ನೀನು ಒಂದು ಸಲ ಕೇಳಿದ್ದೆ. ಸಮುದ್ರದ ದಂಡೆಯಲ್ಲಿ, ನಡುವೆ ಬನ್ನಿ ಅಂತ ಕೈ ಹಿಡಿದು ಎಳೆದೆ, ನಾನು ಕೊಡೆಯ ನೆಪ ಹೇಳಿ ಜಾರಿಕೊಂಡೆ. ನಡುವೆ ನಿಂತವರನ್ನು ತೆಗೆದರೆ ಚಿತ್ರ ಎರಡು ಹೋಳಾಗುತ್ತದೆ. ತುದಿಯಲ್ಲಿರುವವರನ್ನು ತೆಗೆದರೆ ಉಳಿದವರಿಗೆ ಏನೂ ಆಗುವುದಿಲ್ಲ. ಬೆಳೆದ ಮೇಲೆ ಯಾವತ್ತಾದರೂ ನಿನಗೆ ಇವಳು ಬೇಡ ಅನ್ನಿಸಿದರೆ, ನಿಮ್ಮಪ್ಪ ನೀನು ಇರುವ ಚಿತ್ರ ಹಾಳಾಗದಿರಲಿ ಅಂತ ಹಾಗೆ ನಿಲ್ಲುತ್ತಿದ್ದೆ. ಅಂಗಡಿಯಲ್ಲಿ ಕೂತೂ ಕೂತೂ ಬಂದ ಬುದ್ಧಿ ಅದು. ನೀನು ಕತ್ತರಿ ಹಿಡಿಯುತ್ತೀಯ ಅಂತ ನಾನು ಮೊದಲಿನಿಂದ ಕಾಯುತ್ತಲೇ ಇದ್ದೆ ಅಂತ ಕಾಣುತ್ತದೆ. ಅದಕ್ಕೇ ತೋಳು ಕಂಡ ಕೂಡಲೇ ಅಷ್ಟು ಬೇಗ ನಂಬಿದೆ.

ನನಗೆ ಬರಬೇಕು ಅಂತ ಆಸೆ ಇದೆ. ಆಸೆ ಅಂದರೆ ಸಣ್ಣ ಮಾತಾಯಿತು. ಗಾಜು ಕತ್ತರಿಸುವಾಗ ಮನಸ್ಸು ಅಲ್ಲಿರುತ್ತದೆ, ನಿನ್ನೆ ಒಂದು ಒಳ್ಳೆಯ ಹಾಳೆ ಒಡೆದೆ. ನಿನ್ನ ಕಾಲು ಬಾವು ಬಂದಿದೆಯೋ, ಮಲಗಿದರೆ ಏಳಲಾಗುತ್ತದೆಯೋ, ಅಳಿಯಂದಿರಿಗೆ ಸಾರು ಕಾಯಿಸಲಾದರೂ ಬರುತ್ತದೆಯೋ ಅಂತ ದಿನವಿಡೀ ಅದೇ. ಮಗು ಹೆತ್ತು ಗೊತ್ತಿಲ್ಲದವಳು, ಹೋಗಿ ಏನು ಮಾಡುತ್ತಾಳೆ ಅಂತ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಏನೂ ಮಾಡದಿದ್ದರೂ ಆ ಕೋಣೆಯಲ್ಲಿ ಇರಬೇಕು ಅನ್ನಿಸುತ್ತದೆ. ನರ್ಸು ಗೊತ್ತಾಗಿದ್ದರೆ ಇರಲಿ, ಅವರಿಗೆ ಕೆಲಸ ಗೊತ್ತು. ಮಂಚ ಅವರಿಗೆ ಕೊಟ್ಟಿದ್ದರೂ ಇರಲಿ, ನಾನು ನೆಲದ ಮೇಲೆ ಮಲಗುತ್ತೇನೆ. ನಿನಗೆ ಮನಸ್ಸು ಮುರಿದುಹೋಗಿದ್ದರೆ, ಈಗ ಬೇಡ ಚಿಕ್ಕಮ್ಮ ಅಂತ ಒಂದು ಮಾತು ಅಪ್ಪನಿಗೆ ಹೇಳು, ಅರ್ಥ ಮಾಡಿಕೊಳ್ಳುತ್ತೇನೆ. ಬಾ ಅಂದರೆ ಮಾರನೇ ದಿನವೇ ಹೊರಡುತ್ತೇನೆ.

ನಾಳೆ ಬೆಳಿಗ್ಗೆ ಇದನ್ನು ಅಂಚೆಗೆ ಹಾಕುತ್ತೇನೆ. ನಿನ್ನ ಉತ್ತರ ಬರುವ ತನಕ ಕಾಯುತ್ತೇನೆ. ಕಾಯುವುದು ನನಗೆ ಕಷ್ಟವಲ್ಲ. ಅವಸರ ಮಾಡಿಕೊಳ್ಳಬೇಡ, ಯೋಚಿಸಿ ಬರಿ. ಹೊತ್ತಿಗೆ ಸರಿಯಾಗಿ ತಿನ್ನು, ಭಾರ ಎತ್ತಬೇಡ, ಅಳಿಯಂದಿರನ್ನು ಕೇಳಿದೆ ಅಂತ ಹೇಳು. ನಿಮ್ಮಪ್ಪನಿಗೆ ನೀನಿನ್ನೂ ಪಾಪು. ಇನ್ನೊಂದು ಪಾಪು ಬಂದ ಮೇಲೆ ಅವರು ಕೂಗಿದರೆ ಯಾರು ಓಗೊಡಬೇಕು ಅಂತ ಈಗಲೇ ತೀರ್ಮಾನ ಮಾಡಿಕೊಳ್ಳಿ.

ಇಂತಿ, ನಿನ್ನನ್ನು ನೋಡದೆ ಸೊರಗಿರುವ,
ಚಿಕ್ಕಮ್ಮ

ತಾ.ಕ.: ಬುಧವಾರ, ಬೆಳಿಗ್ಗೆ. ಮೇಲೆ ಕಾಯುತ್ತೇನೆ ಅಂತ ಬರೆದದ್ದು ಸುಳ್ಳಾಯಿತು. ಸೋಮವಾರ ಅಂಚೆ ಕಚೇರಿಯಲ್ಲಿ ಕಾಗದವನ್ನು ಕೊಟ್ಟು, ತಲುಪಲು ಎಷ್ಟು ದಿನ ಅಂತ ಕೇಳಿದೆ. ಅಲ್ಲಿದ್ದಾಕೆ ಹೇಳಿದ ದಿನಗಳ ಲೆಕ್ಕ ಕೇಳಿ, ಅಷ್ಟು ಕಾಯಲಾರದೆ ಆಕೆಯ ಕೈಯಿಂದಲೇ ವಾಪಸು ಕಿತ್ತುಕೊಂಡೆ. ಮನೆಗೆ ಬಂದು ನಿಮ್ಮಪ್ಪನಿಗೆ ಎಲ್ಲ ಹೇಳಿದೆ. ಅವರು ಹೂಂ ಅಂದು ಅಟ್ಟದಿಂದ ಪೆಟ್ಟಿಗೆ ಇಳಿಸಿದರು. ನಿನ್ನೆ ರಾತ್ರಿ ನನ್ನನ್ನು ಬಸ್ಸು ಹತ್ತಿಸಿದರು, ರಜೆ ಸಿಕ್ಕ ಕೂಡಲೇ ಅವರೂ ಬರುತ್ತಾರೆ. ಈಗ ನಿಮ್ಮ ಬಾಗಿಲ ಹೊರಗೆ, ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಅಳಿಯಂದಿರು ಕೆಲಸಕ್ಕೆ ಹೋಗುವಾಗ ಕಂಬದ ಹಿಂದೆ ಅವಿತುಕೊಂಡೆ, ನೋಡಲಿಲ್ಲ ಪಾಪ. ಒಳಗೆ ನೀನು ನಲ್ಲಿ ತಿರುಗಿಸಿದ್ದು ಕೇಳಿಸಿತು. ಗಂಟೆ ಒತ್ತಲು ಕೈ ಬರುತ್ತಿಲ್ಲ, ಅದಕ್ಕೆ ಇದನ್ನು ಬಾಗಿಲ ಸಂದಿಯಲ್ಲಿ ತೂರಿಸುತ್ತೇನೆ. ಬೇಡ ಅನ್ನಿಸಿದರೆ ಬಾಗಿಲು ತೆಗೆಯಬೇಡ, ಸಂಜೆ ವಾಪಸು ಬಸ್ಸಿದೆ. ಬೇಕು ಅನ್ನಿಸಿದರೆ ಮಾತ್ರ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಾ. ಓಡಿಬರಬೇಡ. ನಾನು ಇಲ್ಲೇ ಇದ್ದೇನೆ.